ಚುಕ್ಕಿಗಳಲ್ಲಿ ಮೂಡುವ ಮಿದುಳು

ಮಲೆನಾಡಿನ ಕಾಫಿ, ಅಡಿಕೆ ತೋಟದ ಎಷ್ಟೋ ಮನೆಗಳಲ್ಲಿ ಒಂದು ಪುಸ್ತಕ ಇರುತ್ತದೆ. ಓದುವ ಪುಸ್ತಕವಲ್ಲ, ಬರೆಯುವ ಪುಸ್ತಕ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು, 'ಎರಡು ಇಂಚು ನಲವತ್ತು ಸೆಂಟು' ಎಂದು ಅದರಲ್ಲಿ ಗುರುತು ಹಾಕುವುದು ಅಜ್ಜನ ಕಾಲದಿಂದ ಬಂದ ರೂಢಿ. ಸೆಂಟು ಎಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಕೊಪ್ಪ ತಾಲ್ಲೂಕಿನ ಭಂಡಿಗಡಿಯಂಥ ಊರಿನ ಹುಡುಗಿಯೊಬ್ಬಳು ಅಂಥ ಹತ್ತು ವರ್ಷಗಳ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತಳೆನ್ನಿ. ಮೂರೂವರೆ ಸಾವಿರಕ್ಕೂ ಹೆಚ್ಚು ಅಂಕಿಗಳು. ಒಂದೊಂದಾಗಿ ಓದುತ್ತ ಹೋದರೆ ನಿದ್ದೆ ಬಂದೀತೇ ಹೊರತು ಮಳೆಯ ಸ್ವಭಾವವೇನೂ ತಿಳಿಯದು.

ಅವಳು ಹೀಗೆ ಮಾಡಲಿ. ಒಂದು ಗ್ರಾಫ್ ಹಾಳೆ ತೆಗೆದುಕೊಂಡು, ಒಂದು ವರ್ಷಕ್ಕೆ ಒಂದು ಅಡ್ಡಸಾಲು ಎಂದು ಗೊತ್ತುಮಾಡಲಿ. ಎಡದ ತುದಿ ಜನವರಿ ಒಂದು, ಬಲದ ತುದಿ ಡಿಸೆಂಬರ್ ಮೂವತ್ತೊಂದು. ಮಳೆ ಬಿದ್ದ ದಿನಕ್ಕೆ ಒಂದು ಚುಕ್ಕಿ. ಬೀಳದ ದಿನ ಖಾಲಿ. ಎಷ್ಟು ಇಂಚು ಎಂಬುದನ್ನು ಸದ್ಯಕ್ಕೆ ಮರೆತುಬಿಡಲಿ. ಹತ್ತು ವರ್ಷ, ಹತ್ತು ಸಾಲು, ಒಂದರ ಮೇಲೊಂದು. ಕೆಲಸ ಮುಗಿದಾಗ ಕಣ್ಣಿಗೆ ಕಾಣುವುದೇ ಬೇರೆ. ಏಪ್ರಿಲ್ ಮೇ ತಿಂಗಳ ಅಡ್ಡಮಳೆಯ ಚದುರಿದ ಚುಕ್ಕಿಗಳು, ಜೂನ್‌ನಿಂದ ಸಾಲುಸಾಲಾಗಿ ಒತ್ತಾದ ಕಪ್ಪು ಪಟ್ಟಿ, ಅಲ್ಲಲ್ಲಿ ಮಳೆಗಾಲ ಕೈಕೊಟ್ಟ ವರ್ಷದ ಬಿಳಿ ಕಿಂಡಿಗಳು.

ಅವಳಿಗೆ ಗೊತ್ತಿಲ್ಲದೆ ಅವಳು ಬರೆದದ್ದು, ಮಿದುಳಿನ ವಿಜ್ಞಾನಿಗಳು ದಿನನಿತ್ಯ ಬಳಸುವ ಒಂದು ಚಿತ್ರವನ್ನು. ಅದರ ಹೆಸರು ರಾಸ್ಟರ್ ಪ್ಲಾಟ್. ಅಲ್ಲಿ ವರ್ಷದ ಬದಲು ಒಂದೊಂದು ಸಾಲಿಗೆ ಒಂದೊಂದು ನರಕೋಶ, ಮಳೆಯ ದಿನದ ಬದಲು ಆ ನರಕೋಶ 'ಮಿಡಿದ' ಕ್ಷಣ. ಅಷ್ಟೇ ವ್ಯತ್ಯಾಸ.

ಮಿಡಿತ ಎಂದರೇನು? ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಪ್ರತಿ ಕೋಶದ ಒಳಗೂ ಹೊರಗೂ ಸಣ್ಣದೊಂದು ವಿದ್ಯುತ್ ವ್ಯತ್ಯಾಸವಿರುತ್ತದೆ. ಸುಮ್ಮನಿರುವಾಗ ಒಳಗಿನ ವೋಲ್ಟೇಜು ಹೊರಗಿನದಕ್ಕಿಂತ 65-70 ಮಿಲಿವೋಲ್ಟ್‌ನಷ್ಟು ಕಡಿಮೆ. ಬೇರೆ ಕೋಶಗಳಿಂದ ಸುದ್ದಿ ಬಂದಂತೆ ಅದು ಮೇಲೇರುತ್ತದೆ. ಒಂದು ಹೊಸ್ತಿಲನ್ನು ದಾಟಿತೋ, ಸರ್ರನೆ ಚಿಮ್ಮಿ, ಸಾವಿರದಲ್ಲೊಂದು ಸೆಕೆಂಡಿನಷ್ಟು ಹೊತ್ತಿನಲ್ಲಿ ಮತ್ತೆ ಕೆಳಗಿಳಿಯುತ್ತದೆ. ಈ ಚಿಮ್ಮುವಿಕೆಗೆ ಸ್ಪೈಕ್ ಎಂದು ಹೆಸರು. 1920ರ ದಶಕದಲ್ಲಿ ಇಂಗ್ಲೆಂಡಿನ ಎಡ್ಗರ್ ಏಡ್ರಿಯನ್ ಕಪ್ಪೆಯ ಸ್ನಾಯುವಿಗೆ ತೂಕ ಕಟ್ಟಿ ಎಳೆದು, ಅದರ ನರದಲ್ಲಿ ಹರಿಯುವ ವಿದ್ಯುತ್ತನ್ನು ದಾಖಲಿಸಿದ. ತೂಕ ಹೆಚ್ಚಿಸಿದರೆ ಮಿಡಿತದ ಎತ್ತರ ಹೆಚ್ಚಲಿಲ್ಲ. ಮಿಡಿತಗಳ ಸಂಖ್ಯೆ ಹೆಚ್ಚಿತು. ತಮಟೆಯವನು ಏಟಿನ ಜೋರು ಬದಲಿಸದೆ ಬರಿಯ ವೇಗ ಬದಲಿಸಿ ಸುದ್ದಿ ಹೇಳಿದಂತೆ! ಏಡ್ರಿಯನ್‌ಗೆ 1932ರಲ್ಲಿ ಚಾರ್ಲ್ಸ್ ಶೆರಿಂಗ್ಟನ್ ಜೊತೆ ನೊಬೆಲ್ ಬಂತು. ಮಿಡಿತಗಳೆಲ್ಲ ಒಂದೇ ಎತ್ತರದವಾದ್ದರಿಂದಲೇ ಎತ್ತರವನ್ನು ಬಿಟ್ಟು ಚುಕ್ಕಿಯನ್ನಷ್ಟೇ ಇಟ್ಟರೂ ಸಾಗುತ್ತದೆ. ಮಳೆಯ ವಿಷಯದಲ್ಲಿ ಅದು ಅರ್ಧ ಸತ್ಯ, ನರಕೋಶದ ವಿಷಯದಲ್ಲಿ ಬಹುಪಾಲು ಸತ್ಯ.

ಇನ್ನು, ಜೀವಂತ ಮಿದುಳಿನಲ್ಲಿ ಸಾವಿರಾರು ಕೋಶಗಳಿಗೆ ಒಟ್ಟಿಗೆ ತಂತಿ ಚುಚ್ಚಿ ನೋಡುವುದು ಸುಲಭದ ಮಾತಲ್ಲ. ಅದಕ್ಕೇ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ನರಕೋಶದ ನಕಲು ಮಾಡುತ್ತಾರೆ. ಈ ಯೋಚನೆ ಕಂಪ್ಯೂಟರಿಗಿಂತ ಹಳೆಯದು. 1907ರಲ್ಲೇ ಫ್ರಾನ್ಸಿನ ಲೂಯಿ ಲಪೀಕ್ ನರವನ್ನು ಸೋರುವ ಪಾತ್ರೆಯಂಥ ವಿದ್ಯುತ್ ಮಂಡಲಕ್ಕೆ ಹೋಲಿಸಿದ್ದ. ಅಬ್ಬಿ ನೀರಿನ ದಬ್ಬೆಯ ಕೆಳಗೆ ಒಂದು ಬಿದಿರಿನ ಅಂಡೆಯನ್ನು ತೂಗಿಬಿಟ್ಟು, ಅದರ ತಳದಲ್ಲಿ ಸಣ್ಣ ತೂತು ಕೊರೆದಿದ್ದಾರೆಂದುಕೊಳ್ಳಿ. ನೀರು ತುಂಬುತ್ತದೆ, ಕೊಂಚ ಸೋರುತ್ತಲೂ ಇರುತ್ತದೆ. ತುಂಬುವುದು ಸೋರುವುದಕ್ಕಿಂತ ಹೆಚ್ಚಾದರೆ ಅಂಡೆ ಒಂದು ಮಟ್ಟಕ್ಕೆ ಬಂದು ಪಕ್ಕಕ್ಕೆ ವಾಲಿ, ನೀರು ಚೆಲ್ಲಿ, ಕಲ್ಲಿಗೆ ಬಡಿದು 'ಟಕ್' ಎನ್ನುತ್ತದೆ. ಮತ್ತೆ ಮೊದಲಿನಿಂದ. ಆ 'ಟಕ್' ಒಂದು ಮಿಡಿತ. ನೀರು ಸಣ್ಣಗೆ ಬೀಳುತ್ತಿದ್ದರೆ ಸೋರಿಕೆಯೇ ಗೆದ್ದು ಅಂಡೆ ಯಾವತ್ತೂ ವಾಲುವುದಿಲ್ಲ.

1952ರಲ್ಲಿ ಅಲನ್ ಹಾಜ್‌ಕಿನ್, ಆಂಡ್ರ್ಯೂ ಹಕ್ಸ್ಲಿ ಇಬ್ಬರೂ ಸ್ಕ್ವಿಡ್ ಎಂಬ ಸಮುದ್ರಜೀವಿಯ (ನಮ್ಮ ಕರಾವಳಿಯವರ ಬೊಂಡಾಸ್) ದಪ್ಪ ನರದ ಮೇಲೆ ಪ್ರಯೋಗ ಮಾಡಿ, ಮಿಡಿತ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಸಮೀಕರಣಗಳನ್ನು ಕೊಟ್ಟರು. ಅವನ್ನು ಬಿಡಿಸಲು ಕೇಂಬ್ರಿಜ್‌ನ ಕಂಪ್ಯೂಟರು ಸಿಗಲಿಲ್ಲ. ಅದನ್ನು ಮಾರ್ಪಾಟಿಗೆಂದು ಆರು ತಿಂಗಳು ನಿಲ್ಲಿಸಿದ್ದರು. ಹಕ್ಸ್ಲಿ ಬ್ರುನ್ಸ್‌ವಿಗಾ ಎಂಬ ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ಕುಳಿತು, ವಾರಗಟ್ಟಲೆ ಹಿಡಿ ತಿರುಗಿಸಿ, ಬಂದ ಅಂಕಿಗಳಿಂದ ಗೆರೆ ಎಳೆದ. ಕೈಲೆಕ್ಕದ ಗೆರೆಯೂ ನರದಿಂದ ಅಳೆದ ಗೆರೆಯೂ ಹೋಲಿದವು. ಆಧುನಿಕ ನರವಿಜ್ಞಾನದ ಬಹು ದೊಡ್ಡ ಗೆಲುವೊಂದು ಹೀಗೆ ಎರಡು ಗ್ರಾಫುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರಿಂದ ಖಚಿತವಾಯಿತು. 1963ರಲ್ಲಿ ಇಬ್ಬರಿಗೂ, ಜಾನ್ ಎಕ್ಲ್ಸ್ ಜೊತೆಗೆ, ನೊಬೆಲ್.

ಇವತ್ತಿನ ವಿದ್ಯಾರ್ಥಿಗೆ ಹಿಡಿ ತಿರುಗಿಸುವ ಕಷ್ಟವಿಲ್ಲ. 2003ರಲ್ಲಿ ಯೂಜೀನ್ ಇಜಿಕೆವಿಚ್ ಎಂಬ ಗಣಿತಜ್ಞ ಪ್ರಕಟಿಸಿದ ಒಂದು ಸರಳ ಮಾದರಿ ಎಷ್ಟು ಚಿಕ್ಕದೆಂದರೆ, ಹೈಸ್ಕೂಲಿನ ಮಕ್ಕಳು ಕ್ಯಾಲ್ಕುಲೇಟರ್ ಹಿಡಿದು ಮಾಡಬಹುದು. ಮಾಡಿಯೇ ನೋಡುವುದು ವಾಸಿ.

ಎರಡೇ ಅಂಕಿಗಳನ್ನು ಇಟ್ಟುಕೊಳ್ಳಬೇಕು. ಒಂದು ವೋಲ್ಟೇಜು. ಇನ್ನೊಂದನ್ನು 'ಆಯಾಸ' ಎನ್ನೋಣ. ಮಿಡಿದ ಮೇಲೆ ಕೋಶಕ್ಕೆ ಆಗುವ ದಣಿವು ಅದು. ವೋಲ್ಟೇಜು −65, ಆಯಾಸ −13 ಇರುವಲ್ಲಿಂದ ಹೊರಡೋಣ. ಹೊರಗಿನಿಂದ 10ರಷ್ಟು ಕರೆಂಟು ಕೊಡುತ್ತಿದ್ದೇವೆ. ಒಂದು ಮಿಲಿಸೆಕೆಂಡಿನಲ್ಲಿ ವೋಲ್ಟೇಜು ಎಷ್ಟು ಏರುತ್ತದೆ? ವೋಲ್ಟೇಜಿನ ವರ್ಗವನ್ನು 0.04ರಿಂದ ಗುಣಿಸಿ: 169. ವೋಲ್ಟೇಜಿನ ಐದರಷ್ಟು: −325. ಇವೆರಡನ್ನು ಕೂಡಿಸಿ, 140 ಸೇರಿಸಿ, ಆಯಾಸವನ್ನು ಕಳೆಯಿರಿ (ಋಣವನ್ನು ಕಳೆದರೆ ಧನ, ಆದ್ದರಿಂದ 13 ಕೂಡುತ್ತದೆ), ಕರೆಂಟಿನ 10 ಸೇರಿಸಿ. ಬರುವುದು 7. ಎಂದರೆ ಒಂದು ಮಿಲಿಸೆಕೆಂಡಿನ ನಂತರ ವೋಲ್ಟೇಜು −58. ಆಯಾಸಕ್ಕೂ ಒಂದು ಸೂತ್ರವಿದೆ: ವೋಲ್ಟೇಜಿನ ಐದರಲ್ಲೊಂದು ಪಾಲಿನಿಂದ ಆಯಾಸವನ್ನು ಕಳೆದು, 0.02ರಿಂದ ಗುಣಿಸಿ, ಬಂದದ್ದನ್ನು ಆಯಾಸಕ್ಕೆ ಸೇರಿಸುವುದು. ಮೊದಲ ಹೆಜ್ಜೆಯಲ್ಲಿ ಅದು ಸೊನ್ನೆ, ಆಮೇಲೂ ಬಹಳ ನಿಧಾನ.

ಇದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿದರೆ ವೋಲ್ಟೇಜು −58ರಿಂದ −50.4ಕ್ಕೆ, ಅಲ್ಲಿಂದ −37.9ಕ್ಕೆ, ಅಲ್ಲಿಂದ −7ಕ್ಕೆ ಬರುತ್ತದೆ. ಮೊದಲು ತೆವಳಿ, ಆಮೇಲೆ ನಡೆದು, ಕೊನೆಗೆ ಓಟ ಕೀಳುತ್ತದೆ ಎಂಬುದನ್ನು ಗಮನಿಸಿ. ಐದನೆಯ ಹೆಜ್ಜೆಯಲ್ಲಿ ಅದು 30ನ್ನು ದಾಟಿ ಎಲ್ಲೋ ಹಾರಿಹೋಗುತ್ತದೆ. 30 ದಾಟಿದರೆ ಮಿಡಿತವಾಯಿತು ಎಂದು ಲೆಕ್ಕ. ಹೊತ್ತನ್ನು ಬರೆದುಕೊಂಡು, ವೋಲ್ಟೇಜನ್ನು ಮತ್ತೆ −65ಕ್ಕೆ ತಂದು, ಆಯಾಸಕ್ಕೆ 8 ಕೂಡಿಸಬೇಕು. ಈಗ ಮುಂದಿನ ಹೆಜ್ಜೆ ಹಾಕಿದರೆ ವೋಲ್ಟೇಜು ಏರುವ ಬದಲು ಒಂದೂವರೆಯಷ್ಟು ಇಳಿಯುತ್ತದೆ! ದಣಿದ ಕೋಶ ಎರಡನೆಯ ಮಿಡಿತಕ್ಕೆ ಮೊದಲಿನದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಮಿದುಳಿನ ಹೊರಪದರದ ನಿಜವಾದ ಕೋಶಗಳಲ್ಲೂ ಈ ಗುಣ ಕಾಣುತ್ತದೆ.

ಒಂದು ಕೋಶಕ್ಕೆ ಐದು ಹೆಜ್ಜೆ ಹಾಕಲು ಒಂದು ಪುಟ ಬೇಕಾಯಿತು. ಇಜಿಕೆವಿಚ್ ಅದೇ ಪ್ರಬಂಧದಲ್ಲಿ ಒಂದು ಸಾವಿರ ಕೋಶಗಳನ್ನು ಪರಸ್ಪರ ಜೋಡಿಸಿ ಒಂದು ಸೆಕೆಂಡು ನಡೆಸಿದ. 800 ಕೋಶಗಳು ಇತರರನ್ನು ಹುರಿದುಂಬಿಸುವವು, 200 ಸುಮ್ಮನಿರಿಸುವವು. ಸಾವಿರ ಕೋಶ, ಸಾವಿರ ಮಿಲಿಸೆಕೆಂಡು. ಹತ್ತು ಲಕ್ಷ ವೋಲ್ಟೇಜಿನ ಅಂಕಿಗಳು. ಮಳೆಪುಸ್ತಕದ ಮೂರೂವರೆ ಸಾವಿರಕ್ಕೇ ತಲೆ ತಿರುಗಿತ್ತು. ಆದರೆ ಮಿಡಿದ ಕ್ಷಣಗಳಿಗೆ ಮಾತ್ರ ಚುಕ್ಕಿಯಿಟ್ಟು ನೋಡಿದರೆ, ಚದುರಿದ ಚುಕ್ಕಿಗಳ ನಡುವೆ ಆಗಾಗ ಮೇಲಿಂದ ಕೆಳಕ್ಕೆ ಕಪ್ಪು ಕಂಬಗಳು ಎದ್ದು ಕಂಡವು. ಯಾರೂ ಹೇಳಿಕೊಡದೆ ನೂರಾರು ಕೋಶಗಳು ಒಟ್ಟಿಗೆ ಮಿಡಿದಿದ್ದವು. ಮುಂಗಾರು ಹಿಡಿಯುವ ಮೊದಲು ಮಲೆನಾಡಿನ ಒಂದೊಂದು ಮರದಲ್ಲಿ ಮಿಣುಕುಹುಳಗಳೆಲ್ಲ ಮಾತಾಡಿಕೊಂಡ ಹಾಗೆ ಒಮ್ಮೆಲೇ ಹೊತ್ತಿ ಆರುವುದನ್ನು ಕಂಡವರಿಗೆ ಇದು ಹೊಸದಲ್ಲ. ಮಿದುಳಿಗೆ ಇದು ಸೆಕೆಂಡಿಗೆ ಸುಮಾರು 10ರ, ಮತ್ತೆ 40ರ ಲಯ; ನಿಜವಾದ ಮಿದುಳಿನಲ್ಲೂ ಅಳೆಯುವಾಗ ಸಿಗುವ ಲಯಗಳು. ಅಂಕಿಗಳ ಪಟ್ಟಿಯಲ್ಲಿ ಅದನ್ನು ಯಾರು ತಾನೆ ಕಂಡಾರು?

ಈ ಚುಕ್ಕಿಗಳನ್ನು ಇಡುವವರು ಯಾರು? ಕಂಪ್ಯೂಟರು ತಾನಾಗಿ ಚಿತ್ರ ಬರೆಯುವುದಿಲ್ಲ. ಅಕ್ಷವನ್ನು ಎಲ್ಲಿ ಎಳೆಯಬೇಕು, ಅಂಕಿಯನ್ನು ಪರದೆಯ ಯಾವ ಜಾಗಕ್ಕೆ ಹೊಂದಿಸಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ಪ್ರತಿಯೊಂದನ್ನೂ ಹೇಳಬೇಕು. ಪ್ರತಿ ಸಲ ಅಷ್ಟನ್ನೂ ಬರೆಯುತ್ತ ಕೂತರೆ ಮಿದುಳಿನ ಯೋಚನೆ ಮಾಡುವುದು ಯಾವಾಗ? ಅದಕ್ಕಾಗಿ ಒಬ್ಬರು ಬರೆದಿಟ್ಟು ಎಲ್ಲರೂ ಬಳಸುವ ಪ್ರೋಗ್ರಾಮುಗಳ ಕಟ್ಟು ಇರುತ್ತದೆ. ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಪುಸ್ತಕ ಭಂಡಾರ ಅಲ್ಲ. ಅಡುಗೆಮನೆಯ ಡಬ್ಬದಲ್ಲಿ ಮಾಡಿಟ್ಟ ಸಾರಿನ ಪುಡಿ ಎಂದರೆ ಹೆಚ್ಚು ಸರಿ. ದಿನಾ ಮೆಣಸು, ಕೊತ್ತಂಬರಿ ಹುರಿಯಬೇಕಾಗಿಲ್ಲ, ಎರಡು ಚಮಚ ಹಾಕಿದರಾಯಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿತ್ರ ಬರೆಯಲು ಬಳಸುವ ಇಂಥ ಹೆಸರಾಂತ ಲೈಬ್ರರಿಯ ಹೆಸರು ಮ್ಯಾಟ್‌ಪ್ಲಾಟ್‌ಲಿಬ್.

ಸ್ವಾರಸ್ಯವೇನೆಂದರೆ ಇದನ್ನು ಬರೆದವನು ಕಂಪ್ಯೂಟರ್ ಎಂಜಿನಿಯರ್ ಅಲ್ಲ, ಮಿದುಳಿನ ಸಂಶೋಧಕ. ಅಮೆರಿಕದ ಜಾನ್ ಹಂಟರ್ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಮೂರ್ಛೆರೋಗದ ಮೇಲೆ ಕೆಲಸ ಮಾಡುತ್ತಿದ್ದ. ನಮ್ಮಲ್ಲಿ ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದಕೈ ಕೊಡುವವರು ಇನ್ನೂ ಇದ್ದಾರೆ. ಅದರಿಂದ ಏನೂ ಆಗುವುದಿಲ್ಲ. ಮಿದುಳಿನ ಲಕ್ಷಾಂತರ ಕೋಶಗಳು ಲಂಗುಲಗಾಮಿಲ್ಲದೆ ಒಟ್ಟಿಗೆ ಮಿಡಿಯತೊಡಗುವುದೇ ಮೂರ್ಛೆ. ಮೇಲೆ ಹೇಳಿದ ಕಪ್ಪು ಕಂಬ ಹದ ಮೀರಿದರೆ ಕಾಯಿಲೆ. ಬಹಳಷ್ಟು ಜನಕ್ಕೆ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಬಾರದ ಕೆಲವರಿಗೆ ಮೂರ್ಛೆ ಹುಟ್ಟುವ ಚಿಕ್ಕ ಜಾಗವನ್ನು ಹುಡುಕಿ ಶಸ್ತ್ರಕ್ರಿಯೆಯಿಂದ ತೆಗೆಯುವುದುಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಶಸ್ತ್ರಕ್ರಿಯೆ ಆಗುತ್ತದೆ. ಜಾಗ ಸರಿಯಾಗಿ ಗೊತ್ತಾಗಬೇಕಾದರೆ ಕೆಲವು ರೋಗಿಗಳ ತಲೆಬುರುಡೆ ತೆರೆದು ಮಿದುಳಿನ ಮೇಲೆಯೇ ಎಲೆಕ್ಟ್ರೋಡುಗಳನ್ನು ಹಾಸಿ ದಿನಗಟ್ಟಲೆ ವಿದ್ಯುತ್ ಅಲೆಗಳನ್ನು ದಾಖಲಿಸಬೇಕಾಗುತ್ತದೆ. ಆ ಅಲೆಗಳ ಚಿತ್ರವನ್ನು ನೋಡಿ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ. ಚಿತ್ರ ತಪ್ಪಿದರೆ ಕತ್ತರಿ ತಪ್ಪುತ್ತದೆ. ತಪ್ಪಿದ ಜಾಗದಲ್ಲಿ ಮಾತೋ, ನೆನಪೋ, ಬಲಗೈಯ ಶಕ್ತಿಯೋ ಇದ್ದರೆ?

ಹಂಟರ್ ಇದ್ದ ಪ್ರಯೋಗಾಲಯದಲ್ಲಿ ಈ ಅಲೆಗಳನ್ನು ನೋಡಲು ದುಡ್ಡು ಕೊಟ್ಟು ಕೊಂಡ ಒಂದು ತಂತ್ರಾಂಶವಿತ್ತು. ಆದರೆ ಲೈಸೆನ್ಸು ಒಂದೇ. ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಕೀಲಿಯಿದ್ದರಷ್ಟೇ ಅದು ನಡೆಯುತ್ತಿತ್ತು. ವೈದ್ಯರು, ಎಂಜಿನಿಯರುಗಳು, ವಿದ್ಯಾರ್ಥಿಗಳು ಎಲ್ಲರೂ ಸರದಿಯಲ್ಲಿ ಆ ಕೀಲಿಗೆ ಕಾಯಬೇಕು. ಹಂಟರ್ ಮೊದಲು ಮ್ಯಾಟ್‌ಲ್ಯಾಬ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ತಾನೇ ಒಂದನ್ನು ಕಟ್ಟಿಕೊಂಡ. ಮಾಹಿತಿ ಬಗೆಬಗೆಯದಾಗಿ ಬೆಳೆದಂತೆ ಅದೂ ಸಾಲದಾಯಿತು. ಕೊನೆಗೆ ಎಲ್ಲವನ್ನೂ ಬಿಟ್ಟು ಪೈಥಾನ್‌ನಲ್ಲಿ ಹೊಸದಾಗಿ ಬರೆದು 2003ರಲ್ಲಿ ಬಿಡುಗಡೆ ಮಾಡಿದ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತೆರೆದು ನೋಡಬಹುದು, ತಿದ್ದಬಹುದು. ಮುಂದೆ ಹಂಟರ್ ಷೇರು ವ್ಯವಹಾರದ ಕಂಪೆನಿಯೊಂದಕ್ಕೆ ಕೆಲಸಕ್ಕೆ ಹೋದರೂ ಇದನ್ನು ಬಿಡಲಿಲ್ಲ. 2012ರ ಆಗಸ್ಟ್‌ನಲ್ಲಿ, 44ನೆಯ ವಯಸ್ಸಿನಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ತೊಡಕುಗಳಿಂದ ತೀರಿಕೊಂಡ. ಏಳು ವರ್ಷಗಳ ನಂತರ, 2019ರಲ್ಲಿ, ಜಗತ್ತಿನ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂದ ಕಪ್ಪುರಂಧ್ರದ ಮೊದಲ ಚಿತ್ರದ ಹಿಂದೆಯೂ ಈ ಲೈಬ್ರರಿ ಇತ್ತು. ಒಂದು ಕೀಲಿಗೆ ಸರದಿ ನಿಲ್ಲುವ ಬೇಸರ ಎಲ್ಲಿಂದ ಎಲ್ಲಿಗೆ ಮುಟ್ಟಿತು ನೋಡಿ.

ಮಿದುಳಿನ ನಕಲು ಮಾಡುವ ತಂತ್ರಾಂಶಗಳೂ ಹಲವಿವೆ. ಅಮೆರಿಕದ ನ್ಯೂರಾನ್, ಯೂರೋಪಿನ ನೆಸ್ಟ್, 2008ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಡ್ಯಾನ್ ಗುಡ್‌ಮನ್ ಮತ್ತು ರೊಮೆ ಬ್ರೆಟ್ ಬರೆದ ಬ್ರಯಾನ್. ಆದರೆ ಕನ್ನಡ ನಾಡಿನವರು ತಿಳಿದಿರಬೇಕಾದ್ದು ಬೆಂಗಳೂರಿನಲ್ಲೇ ಹುಟ್ಟಿದ ಒಂದು. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ಉಪಿಂದರ್ ಸಿಂಗ್ ಭಲ್ಲಾ ಅವರ ಪ್ರಯೋಗಾಲಯವಿದೆ. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗಲೇ ಅವರು ಜೆನೆಸಿಸ್ ಎಂಬ ನರಕೋಶ ತಂತ್ರಾಂಶದ ಕೆಲಸದಲ್ಲಿದ್ದವರು. ವಾಸನೆ ಹಿಡಿಯುವ ಮಿದುಳಿನ ಭಾಗದ ಕೋಶಗಳ ಮಾದರಿಯನ್ನು ಜೇಮ್ಸ್ ಬೋವರ್ ಜೊತೆ 1993ರಲ್ಲಿ ಪ್ರಕಟಿಸಿದ್ದರು. ಬೆಂಗಳೂರಿಗೆ ಬಂದ ಮೇಲೆ ಮೂಸ್ ಎಂಬ ಹೊಸ ತಂತ್ರಾಂಶವನ್ನು ಕಟ್ಟಿದರು. ನರಕೋಶದೊಳಗಿನ ರಾಸಾಯನಿಕ ಕ್ರಿಯೆಯಿಂದ ಹಿಡಿದು ಕೋಶಗಳ ಜಾಲದವರೆಗೆ ಬೇರೆ ಬೇರೆ ಅಳತೆಯ ಸಂಗತಿಗಳನ್ನು ಒಂದೇ ಕಡೆ ನಡೆಸಿ ನೋಡುವುದು ಅದರ ಉದ್ದೇಶ. ಅದನ್ನು ಪೈಥಾನ್‌ನಿಂದ ನಡೆಸುವ ವಿಧಾನವನ್ನು ಸುಭಾಷಿಸ್ ರೇ ಮತ್ತು ಭಲ್ಲಾ 2008ರಲ್ಲಿ ಪ್ರಕಟಿಸಿದರು. ಇದೂ ಪುಕ್ಕಟೆ. ಅದರ ಆವೃತ್ತಿಗಳಿಗೆ ಇಟ್ಟ ಹೆಸರುಗಳು ಮಾತ್ರ ಬಾಯಲ್ಲಿ ನೀರೂರಿಸುತ್ತವೆ: ಘೇವರ್, ಚಂಚಂ, ಜಿಲೇಬಿ! ಭಲ್ಲಾ ಅವರಿಗೆ 2007ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ, 2017ರಲ್ಲಿ ಇನ್ಫೊಸಿಸ್ ಪ್ರಶಸ್ತಿ ಬಂದಿವೆ.

ತಂತ್ರಾಂಶ ಕೈಗೆ ಬಂದರೆ ಚಿತ್ರ ಬಂದಂತೆ. ಚಿತ್ರ ಬಂದರೆ ಸತ್ಯ ಬಂದಂತೆಯೇ? ವಿದ್ಯಾರ್ಥಿಗಳು ಎಡವುವುದು ಇಲ್ಲೇ, ಕೆಲವೊಮ್ಮೆ ದೊಡ್ಡವರೂ.

ಮೇಲಿನ ಕೈಲೆಕ್ಕವನ್ನೇ ತೆಗೆದುಕೊಳ್ಳಿ. ಐದನೆಯ ಹೆಜ್ಜೆಯಲ್ಲಿ ವೋಲ್ಟೇಜು ಎಷ್ಟಕ್ಕೆ ಹಾರಿತು ಎಂದು ಹೇಳಿರಲಿಲ್ಲ. ಲೆಕ್ಕ ಹಾಕಿದರೆ 122! ಅದನ್ನು ಹಾಗೇ ಗೆರೆಯಾಗಿ ಎಳೆದರೆ ಒಂದು ಮಿಡಿತ 122ಕ್ಕೂ ಇನ್ನೊಂದು 40ಕ್ಕೂ ಮತ್ತೊಂದು 85ಕ್ಕೂ ಏರಿದಂತೆ ಕಂಡು, 'ಈ ಕೋಶದ ಮಿಡಿತಗಳ ಎತ್ತರ ಬೇರೆ ಬೇರೆ' ಎಂದು ಬರೆದುಬಿಡುವ ಅಪಾಯವಿದೆ. ಏಡ್ರಿಯನ್ ಕಂಡದ್ದಕ್ಕೆ ಪೂರಾ ವಿರುದ್ಧ. ಅಲ್ಲಿ ಕಾಣುವ ಏರಿಳಿತ ಕೋಶದ್ದಲ್ಲ, ಒಂದು ಮಿಲಿಸೆಕೆಂಡಿನ ದಪ್ಪ ಹೆಜ್ಜೆಯದು. ಇಜಿಕೆವಿಚ್ ತನ್ನ ಪ್ರೋಗ್ರಾಮಿನಲ್ಲಿ ವೋಲ್ಟೇಜನ್ನು ಅರ್ಧರ್ಧ ಮಿಲಿಸೆಕೆಂಡಿನ ಎರಡು ಹೆಜ್ಜೆಯಲ್ಲಿ ಏರಿಸಿದ್ದು ಲೆಕ್ಕ ಹೀಗೆ ಹದ ತಪ್ಪದಿರಲೆಂದು. ಲಪೀಕ್‌ನ ಸೋರುವ ಅಂಡೆಯ ಮಾದರಿಯಲ್ಲಿ ಇದಕ್ಕೆ ತಿರುಗುಮುರುಗಾದ ತೊಂದರೆ. ಅಲ್ಲಿ ಹೊಸ್ತಿಲು ತಲುಪಿದ ಕೂಡಲೇ ವೋಲ್ಟೇಜನ್ನು ಕೆಳಗಿಳಿಸುವುದರಿಂದ ಗೆರೆಯಲ್ಲಿ ಮಿಡಿತ ಕಾಣುವುದೇ ಇಲ್ಲ, ಗರಗಸದ ಹಲ್ಲು ಕಾಣುತ್ತದೆ. ಪುಸ್ತಕಗಳಲ್ಲಿರುವ ಚಂದದ ಉದ್ದ ಕಡ್ಡಿಗಳನ್ನು ನೋಡುವವರಿಗೆ ಅನುಕೂಲವಾಗಲೆಂದು ಆಮೇಲೆ ಸೇರಿಸಿರುತ್ತಾರೆ.

ಸಾಲುಗಳ ಕ್ರಮ ಇನ್ನೂ ಮೋಸದ್ದು. ಮಳೆಯ ಹಾಳೆಗೇ ಹೋಗೋಣ. ಹತ್ತು ವರ್ಷಗಳನ್ನು ಇಸವಿಯ ಕ್ರಮದಲ್ಲಿ ಇಡುವ ಬದಲು, ಮುಂಗಾರು ಬೇಗ ಬಂದ ವರ್ಷ ಕೆಳಗೆ, ತಡವಾಗಿ ಬಂದದ್ದು ಮೇಲೆ ಎಂದು ಜೋಡಿಸಿದರೆ ಚುಕ್ಕಿಗಳ ಎಡ ಅಂಚು ಚಂದವಾಗಿ ಓರೆಯಾಗುತ್ತದೆ. ನೋಡಿದವರು 'ಅಯ್ಯೋ, ಮಳೆ ವರ್ಷದಿಂದ ವರ್ಷಕ್ಕೆ ಹಿಂದೆ ಹೋಗುತ್ತಿದೆ' ಎಂದಾರು. ಹಾಗೇನೂ ಇಲ್ಲ, ಓರೆಯಾದದ್ದು ಜೋಡಿಸಿದ್ದರಿಂದ. ನರಕೋಶಗಳನ್ನೂ ಮೊದಲು ಮಿಡಿದದ್ದು ಕೆಳಗೆ, ಕೊನೆಗೆ ಮಿಡಿದದ್ದು ಮೇಲೆ ಎಂದು ಇಟ್ಟರೆ, ಲಾಟರಿ ಚೀಟಿ ಎತ್ತಿದಂತೆ ಮಿಡಿದ ಕೋಶಗಳಲ್ಲೂ ಒಂದರಿಂದ ಒಂದಕ್ಕೆ ಸುದ್ದಿ ಹರಿಯುವ ಅಲೆ ಕಾಣುತ್ತದೆ. ಅಲೆ ನಿಜವೇ ಎಂದು ತಿಳಿಯಬೇಕೇ? ಒಂದು ಸಲದ ಓಟದಿಂದ ಕ್ರಮ ಗೊತ್ತುಮಾಡಿ, ಅದೇ ಕ್ರಮವನ್ನು ಇನ್ನೊಂದು ಸಲದ ಓಟಕ್ಕೆ ಹಾಕಿ ನೋಡಬೇಕು. ಅಲ್ಲೂ ಓರೆ ಉಳಿದರೆ ಮಾತಾಡಬಹುದು.

ಎಣಿಸುವ ಗಡುವು ಮತ್ತೊಂದು. ಮಿಡಿತಗಳನ್ನು ಗುಂಪು ಮಾಡಿ, ಹತ್ತು ಮಿಲಿಸೆಕೆಂಡಿಗೆ ಎಷ್ಟು, ಮುಂದಿನ ಹತ್ತಕ್ಕೆ ಎಷ್ಟು ಎಂದು ಕಂಬದ ನಕ್ಷೆ ಬರೆಯುವುದು ವಾಡಿಕೆ. ನಮ್ಮ ಹಿರಿಯರು ಇದನ್ನು ಎಂದೋ ಮಾಡಿದ್ದಾರೆ. ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರದ ಲೆಕ್ಕದಲ್ಲಿ ಮಳೆಯನ್ನು ಅಳೆಯುವ ಪದ್ಧತಿ ಅದೇ ತಾನೆ? ಒಂದು ವಾರ ಬಿಡದೆ ಸುರಿದ ಮಳೆ ಪೂರ್ತಿ ಆರಿದ್ರೆಯಲ್ಲಿ ಬಿದ್ದರೆ 'ಆರಿದ್ರೆ ಜೋರಾಯಿತು' ಎನ್ನುತ್ತಾರೆ. ಅದೇ ವಾರ ಆರಿದ್ರೆಯ ಕೊನೆಗೆ ಅರ್ಧ, ಪುನರ್ವಸುವಿನ ಮೊದಲಿಗೆ ಅರ್ಧ ಹಂಚಿಹೋದರೆ 'ಎರಡೂ ಸಾಧಾರಣ'. ಮಳೆ ಅಷ್ಟೇ, ಗಡಿ ಬೇರೆ. ಗಡುವನ್ನು ತೀರ ಚಿಕ್ಕದು ಮಾಡಿದರೆ ಮುಳ್ಳುಮುಳ್ಳಾಗಿ ಏನೂ ತಿಳಿಯದು, ತೀರ ದೊಡ್ಡದು ಮಾಡಿದರೆ ಸೆಕೆಂಡಿಗೆ 40ರ ಲಯವೆಲ್ಲ ಒಂದೇ ಮುದ್ದೆಯೊಳಗೆ ಅಡಗಿಹೋಗುತ್ತದೆ. ಎರಡು ಮೂರು ಗಡುವುಗಳಲ್ಲಿ ಬರೆದು ನೋಡುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಚುಕ್ಕಿ ದಪ್ಪವಾಗಿದ್ದರೆ ಸಾವಿರ ಸಾಲು ಒಂದರ ಮೇಲೊಂದು ಬಿದ್ದು ಇಡೀ ಚಿತ್ರ ಕಪ್ಪಾಗುತ್ತದೆ. ಸೆಕೆಂಡು, ಮಿಲಿಸೆಕೆಂಡು ಕಲಸಿಹೋಗಿ ಇಡೀ ಓಟ ಎಡಮೂಲೆಯ ಒಂದು ಗೆರೆಯಾಗಿ ಕೂರುತ್ತದೆ. ಇವೆಲ್ಲ ಸಣ್ಣವು, ಕಣ್ಣಿಗೆ ಬೀಳುತ್ತವೆ. ಬಣ್ಣದ ವಿಷಯ ಹಾಗಲ್ಲ. ಮಿಡಿತದ ವೇಗವನ್ನು ಬಣ್ಣದಲ್ಲಿ ತೋರಿಸುವಾಗ ಮ್ಯಾಟ್‌ಪ್ಲಾಟ್‌ಲಿಬ್ ಬಹುಕಾಲ ಕಾಮನಬಿಲ್ಲಿನಂಥ ಬಣ್ಣಸಾಲನ್ನು ತಾನಾಗಿ ಹಾಕಿಕೊಡುತ್ತಿತ್ತು. ಅದರಲ್ಲಿ ಹಳದಿ ಬಂದ ಕಡೆ, ಅಂಕಿಯಲ್ಲಿಲ್ಲದ ಅಂಚೊಂದು ಕಣ್ಣಿಗೆ ಕಾಣುತ್ತಿತ್ತು. ಕೆಂಪು ಹಸಿರು ಬೇರ್ಪಡಿಸಲಾರದವರಿಗಂತೂ ಇನ್ನೂ ಕಷ್ಟ. 2017ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಅದನ್ನು ತೆಗೆದು, ಕಡುನೇರಳೆಯಿಂದ ಹಳದಿಗೆ ಸಮನಾಗಿ ಬೆಳಗುತ್ತ ಹೋಗುವ ಬೇರೊಂದನ್ನು ಇಟ್ಟರು. ಅಷ್ಟು ವರ್ಷ ಜಗತ್ತಿನ ವಿಜ್ಞಾನಿಗಳು ಎಷ್ಟು ಇಲ್ಲದ ಅಂಚುಗಳನ್ನು ಕಂಡರೋ!

ತಂದೆತಾಯಿಗಳಿಗೆ ಎರಡು ಮಾತು. ಇದಕ್ಕೆಲ್ಲ ದುಬಾರಿ ಕೋರ್ಸು ಬೇಕಿಲ್ಲ. ಸಾವಿರ ಕೋಶಗಳ ಆ ಮಾದರಿ ಸಾಧಾರಣ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ತಂತ್ರಾಂಶವನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್‌ನೆಟ್ ಬೇಕಿಲ್ಲ, ಮಳೆಗಾಲದಲ್ಲಿ ದಿನಗಟ್ಟಲೆ ಸಂಪರ್ಕ ಹೋಗುವ ಊರುಗಳಿಗೆ ಇದು ಸಣ್ಣ ಮಾತಲ್ಲ. ಕರೆಂಟಿನ ಬಗ್ಗೆ ಯಾರೂ ಭರವಸೆ ಕೊಡಲಾರರು. ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಇನ್ಫರ್ಮ್ಯಾಟಿಕ್ಸ್ ಪ್ರಾಕ್ಟಿಸಸ್ ಪುಸ್ತಕದಲ್ಲಿ ಮ್ಯಾಟ್‌ಪ್ಲಾಟ್‌ಲಿಬ್‌ನ ಮೇಲೆಯೇ ಒಂದು ಅಧ್ಯಾಯವಿದೆ. ಆದರೆ ಪಿಯುಸಿಗೆ ಸೇರಿಸುವಾಗ ನಮ್ಮಲ್ಲಿ ನಡೆಯುವ ಚೌಕಾಶಿ ಗೊತ್ತಿರುವಂಥದೇ. ಡಾಕ್ಟರಾಗುವವರಿಗೆ ಗಣಿತ ಯಾಕೆ, ಎಂಜಿನಿಯರಾಗುವವರಿಗೆ ಜೀವಶಾಸ್ತ್ರ ಯಾಕೆ ಎಂದು ಒಂದನ್ನು ಕೈಬಿಡಿಸುತ್ತಾರೆ. ಮಿದುಳಿನ ಲೆಕ್ಕ ಹಾಕುವ ಈ ವಿದ್ಯೆ ಎರಡನ್ನೂ ಕೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನರವಿಜ್ಞಾನ ಕೇಂದ್ರದಲ್ಲಾಗಲಿ ಎನ್‌ಸಿಬಿಎಸ್‌ನಲ್ಲಾಗಲಿ ಭೌತವಿಜ್ಞಾನ ಓದಿದವರೂ ಎಂಜಿನಿಯರುಗಳೂ ಜೀವಶಾಸ್ತ್ರದವರೂ ಒಂದೇ ಮೇಜಿಗೆ ಕೂತಿರುತ್ತಾರೆ. ಎರಡನ್ನೂ ಇಷ್ಟಪಡುವ ಮಗುವಿಗೆ ಹದಿನಾರನೆಯ ವಯಸ್ಸಿನಲ್ಲಿ ಒಂದನ್ನು ಬಿಡಿಸುವುದು ಅವಸರದ ಕೆಲಸ.

ಶುರು ಮಾಡುವ ಹುಡುಗ ಹುಡುಗಿಯರು ಮೊದಲ ದಿನವೇ ಸಾವಿರ ಕೋಶಕ್ಕೆ ಹೋಗಬೇಕಾಗಿಲ್ಲ. ಒಂದೇ ಕೋಶ ಸಾಕು. ಮೊದಲು ಕಾಗದದ ಮೇಲೆ ಐದು ಹೆಜ್ಜೆ, ಆಮೇಲೆ ಕಂಪ್ಯೂಟರಿನಲ್ಲಿ ಸಾವಿರ ಹೆಜ್ಜೆ. ಎರಡರ ಮೊದಲ ಐದು ಅಂಕಿಗಳು ತಾಳೆಯಾದರೆ ಮುಂದಿನವನ್ನು ನಂಬಬಹುದು. ಮಿಡಿದ ಹೊತ್ತುಗಳ ಪಟ್ಟಿಯನ್ನು 'ಇವೆಂಟ್‌ಪ್ಲಾಟ್' ಎಂಬ ಆಜ್ಞೆಗೆ ಕೊಟ್ಟರೆ ಸಾಲಿನಲ್ಲಿ ಕಡ್ಡಿಗಳು ಮೂಡುತ್ತವೆ. ಅದರ ಕೆಳಗೆ ಎರಡನೆಯ ಸಾಲಿಗೆ ಒಂದು ಸಣ್ಣ ಬದಲಾವಣೆ ಮಾಡಲಿ: ಮಿಡಿದ ಮೇಲೆ ವೋಲ್ಟೇಜನ್ನು −65ರ ಬದಲು −50ಕ್ಕೆ ತರುವುದು, ಆಯಾಸಕ್ಕೆ 8ರ ಬದಲು 2 ಕೂಡಿಸುವುದು. ಮೇಲಿನ ಸಾಲಿನಲ್ಲಿ ಕಡ್ಡಿಗಳು ಒಂದೊಂದಾಗಿ ಬಿಡಿಬಿಡಿಯಾಗಿದ್ದರೆ, ಕೆಳಗಿನ ಸಾಲಿನಲ್ಲಿ ನಾಲ್ಕೈದು ಒಟ್ಟಿಗೆ ಬಂದು, ನಿಂತು, ಮತ್ತೆ ನಾಲ್ಕೈದು ಬರುತ್ತವೆ. ಬೆಕ್ಕಿನ ಮಿದುಳಿನಲ್ಲಿ ಹೀಗೆ ಗುಂಪುಗುಂಪಾಗಿ ಮಿಡಿಯುವ ಕೋಶಗಳು ನಿಜವಾಗಿಯೂ ಇವೆ. ವಟವಟ ಮಾತಾಡುವ ಕೋಶಗಳು ಎಂದೇ ವಿಜ್ಞಾನಿಗಳು ಅವಕ್ಕೆ ಹೆಸರಿಟ್ಟಿದ್ದಾರೆ.